ಬಾಡೆನ್ನಿನ ಯಂತ್ರಶಾಲೆ: ಬ್ರೌನ್ ಬೊವೆರಿ ಸಂಸ್ಥೆ ನಡೆದು ಬಂದ ದಾರಿ

ಹರಿಯುವ ನೀರಿನಿಂದಲೋ ಹಬೆಯಿಂದಲೋ ಅನಿಲದಿಂದಲೋ ಶಕ್ತಿಯನ್ನು ಪಡೆದು ದಂಡವೊಂದನ್ನು ತಿರುಗಿಸುವ ಯಂತ್ರಕ್ಕೆ ಟರ್ಬೈನೆಂದು ಹೆಸರು. ಹೊರಗಿನಿಂದ ಶಕ್ತಿಯನ್ನು ತೆಗೆದುಕೊಂಡು ಗಾಳಿಯನ್ನು ಅಥವಾ ಬೇರೆ ಅನಿಲವನ್ನು ಒತ್ತಿ ಅಡಕಗೊಳಿಸುವ ಯಂತ್ರಕ್ಕೆ ಸಂಪೀಡಕವೆಂದು, ಕಾರ್ಖಾನೆಯವರ ಮಾತಿನಲ್ಲಿ ಕಂಪ್ರೆಸರೆಂದು, ಹೆಸರು. ಕಾರ್ಯದಲ್ಲಿ ಇವೆರಡೂ ಪರಸ್ಪರ ವಿಲೋಮವಾದರೂ ಅಂಗರಚನೆಯಲ್ಲಿ ಬಹುಮಟ್ಟಿಗೆ ಒಂದೇ ಬಗೆಯವು: ನಡುವೆ ತಿರುಗುವ ದಂಡ, ಅದರ ಸುತ್ತ ಸಾಲುಸಾಲಾಗಿ ನೆಟ್ಟ ಅಲಗುಗಳು, ಆ ಸಾಲುಗಳ ಎಡೆಎಡೆಯಲ್ಲಿ ಹೊರಗವಚಕ್ಕೆ ಬಿಗಿದ ಅಚಲವಾದ ಅಲಗುಗಳು. ಹೀಗಿರುವುದರಿಂದ ಒಂದನ್ನು ಹಿಮ್ಮುಖವಾಗಿ ನಡೆಸಿದರೆ ಅದೇ ಇನ್ನೊಂದಾಗಬೇಕೆಂದು ತರ್ಕಿಸುವುದು ಸಹಜವೇ ಸರಿ. ಹಬೆಯ ಟರ್ಬೈನನ್ನು 1884ರಲ್ಲಿ ನಿರ್ಮಿಸಿ ಲೋಕಪ್ರಸಿದ್ಧನಾದ ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸನು ಕೂಡ ಹಾಗೆಯೇ ತರ್ಕಿಸಿದನು. ಆದರೆ ಪ್ರಕೃತಿ ಆ ತರ್ಕಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಿಲ್ಲ. ಟರ್ಬೈನು ಬೇಗನೆ ಒಲಿಯಿತು. ಸಂಪೀಡಕವು ಒಲಿಯುವುದಕ್ಕೆ ಮತ್ತೂ ಸುಮಾರು ಐದು ದಶಕಗಳು ಬೇಕಾದುವು. ಆ ದಶಕಗಳ ಕಥೆಯು ಸ್ವಿಟ್ಜರ್ಲೆಂಡಿನ ಒಂದು ಯಂತ್ರನಿರ್ಮಾಣ ಸಂಸ್ಥೆಯ ಚರಿತ್ರೆಯೊಡನೆ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದೆ. ಆ ಸಂಸ್ಥೆಯೇ ಬಾಡೆನ್ ಪಟ್ಟಣದ ಬ್ರೌನ್ ಬೊವೆರಿ.

ಸಂಸ್ಥೆಗೆ ತಮ್ಮ ಹೆಸರನ್ನಿತ್ತ ಇಬ್ಬರೂ ಸ್ಥಾಪನೆಯ ಕಾಲಕ್ಕೆ ಮೂವತ್ತು ವರ್ಷ ತುಂಬದ ತರುಣರು. ಚಾರ್ಲ್ಸ್ ಯೂಜೀನ್ ಲ್ಯಾನ್ಸೆಲಾಟ್ ಬ್ರೌನ್ 1863ರಲ್ಲಿ ವಿಂಟರ್‌ಟೂರ್ ನಗರದಲ್ಲಿ ಹುಟ್ಟಿದವನು. ಅವನ ತಂದೆ ಇಂಗ್ಲೆಂಡಿನಿಂದ 1851ರಲ್ಲಿ ಬಂದು ಆ ನಗರದ ಸುಲ್ಜರ್ ಕಾರ್ಖಾನೆಯಲ್ಲಿ ಹಬೆಯ ಎಂಜಿನುಗಳನ್ನು ರೂಪಿಸಿದ, ಅನಂತರ 1871ರಲ್ಲಿ ಅಲ್ಲಿಯೇ ರೈಲ್ವೆ ಎಂಜಿನುಗಳ ಕಾರ್ಖಾನೆಯೊಂದನ್ನು ಸ್ಥಾಪಿಸಿದ ಹಿರಿಯ ಯಂತ್ರಶಿಲ್ಪಿ. ವಾಲ್ಟರ್ ಬೊವೆರಿಯು ಜರ್ಮನಿಯ ಬಾಂಬರ್ಗಿನಲ್ಲಿ 1865ರಲ್ಲಿ ಜನಿಸಿದವನು. ಜೀವಕೋಶದ ಅಧ್ಯಯನದಿಂದ ಕೀರ್ತಿಶಾಲಿಯಾದ ಜೀವವಿಜ್ಞಾನಿ ಥಿಯೋಡೊರ್ ಬೊವೆರಿ ಅವನ ಸೋದರ. ಜ್ಯೂರಿಕ್ ನಗರದ ಹೊರವಲಯದಲ್ಲಿದ್ದ ಒರ್ಲಿಕಾನ್ ಯಂತ್ರಾಲಯದಲ್ಲಿ ಇವರಿಬ್ಬರೂ ಸಹೋದ್ಯೋಗಿಗಳಾಗಿದ್ದರು. ಬ್ರೌನನು ನಿರ್ಮಾಣಪ್ರತಿಭೆಯುಳ್ಳವನು, ಬೊವೆರಿಯು ವ್ಯವಹಾರಕುಶಲನು. ಒಬ್ಬನಲ್ಲಿ ಇಲ್ಲದುದು ಇನ್ನೊಬ್ಬನಲ್ಲಿ ಸಮೃದ್ಧವಾಗಿದ್ದುದರಿಂದ ಆ ಜೋಡಿ ಅಪೂರ್ವವಾಗಿ ಕೂಡಿಬಂದಿತು.

ಬ್ರೌನನ ಕೀರ್ತಿಗೆ ಮೂಲವಾದ ಘಟನೆ 1891ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ನೆರೆದ ವಿದ್ಯುತ್ ಪ್ರದರ್ಶನದ ಸಂದರ್ಭದಲ್ಲಿ ನಡೆಯಿತು. ನೆಕಾರ್ ನದಿಯ ತಡಿಯ ಲೌಫೆನ್ ಎಂಬ ಊರಿನಲ್ಲಿ ಜಲಬಲದಿಂದ ಹುಟ್ಟಿಸಿದ ಮೂರು ಫೇಸಿನ ಪರ್ಯಾಯ ವಿದ್ಯುತ್ತನ್ನು 15,000 ವೋಲ್ಟುಗಳಿಗೆ ಏರಿಸಿ, 175 ಕಿಲೋಮೀಟರು ದೂರ ತಂತಿಗಳ ಮೇಲೆ ಸಾಗಿಸಿ, ಪ್ರದರ್ಶನದ ಆವರಣದಲ್ಲಿ ದೀಪಗಳನ್ನು ಉರಿಸಿ ತೋರಿಸಿದಾಗ, ದೂರದ ಜಲಪಾತದ ಶಕ್ತಿ ನಗರದ ಬಳಕೆಗೆ ದೊರೆಯದೆಂಬ ಸಂದೇಹ ಅಳಿಸಿಹೋಯಿತು. ಆ ವಿದ್ಯುಜ್ಜನಕವನ್ನು ರಚಿಸಿದವನು ಬ್ರೌನ್. ಈ ಪ್ರಯೋಗದ ಫಲವು ಹನ್ನೊಂದು ವರ್ಷಗಳೊಳಗೆ ನಮ್ಮ ನಾಡಿಗೂ ಮುಟ್ಟಿತು: 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿಗಳ ದೂರ ವಿದ್ಯುತ್ತು ಹರಿದುದು ಇದೇ ತತ್ತ್ವದ ಬಲದಿಂದ, ಅಲ್ಲಿಯ ಜಲಟರ್ಬೈನುಗಳು ಜ್ಯೂರಿಕ್ಕಿನ ಎಷರ್ ವೀಸ್ ಕಾರ್ಖಾನೆಯಿಂದ ಬಂದುವು.

ಕೀರ್ತಿ ಕೈಸೇರಿದ ಆ ವರ್ಷವೇ, 1891ರ ಅಕ್ಟೋಬರ್ 2ರಂದು, ಗೆಳೆಯರಿಬ್ಬರೂ ಸ್ವತಂತ್ರವಾದ ಸಂಸ್ಥೆಯನ್ನು ಸ್ಥಾಪಿಸಿದರು. ಬೇಕಾದ ಬಂಡವಾಳದ ಬಹುಭಾಗ ಬೊವೆರಿಗೆ ಹೆಣ್ಣು ಕೊಟ್ಟ ಮಾವನಾದ ಜ್ಯೂರಿಕ್ಕಿನ ರೇಷ್ಮೆ ಉದ್ಯಮಿಯಿಂದ ಒದಗಿತು. ನೆಲೆಯಾಗಿ ಆರಿಸಿಕೊಂಡ ಬಾಡೆನ್, ಲಿಮ್ಮಾಟ್ ನದಿಯ ದಂಡೆಯಲ್ಲಿ ರೋಮನರ ಕಾಲದಿಂದಲೂ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾಗಿದ್ದ ಚಿಕ್ಕ ಪಟ್ಟಣ. ಅಲ್ಲಿಯ ಪ್ರಮುಖರು ತಮ್ಮ ಊರಿಗೆ ವಿದ್ಯುದಾಗಾರವೊಂದನ್ನು ಕಟ್ಟಿಸಬೇಕೆಂದಿದ್ದುದು ಹೊಸ ಕಂಪೆನಿಗೆ ಮೊದಲ ಗಿರಾಕಿಯನ್ನೂ ನಿವೇಶನವನ್ನೂ ಒಟ್ಟಿಗೆ ದೊರಕಿಸಿಕೊಟ್ಟಿತು.

ಆರಂಭದ ವರ್ಷಗಳಲ್ಲಿ ಇವರು ಮಾಡಿದುದು ವಿದ್ಯುದ್ಯಂತ್ರಗಳ ಕೆಲಸ. ಹಬೆಯ ಟರ್ಬೈನಿನ ಕಡೆಗೆ ತಿರುಗಿದುದು 1900ರಲ್ಲಿ, ಪಾರ್ಸನ್ಸನಿಂದ ಪರವಾನಗಿಯನ್ನು ಪಡೆದುಕೊಂಡ ಮೇಲೆ. ಅದೇ ವರ್ಷ ಸಂಸ್ಥೆಯು ಷೇರು ಕಂಪೆನಿಯಾಗಿ ಮಾರ್ಪಟ್ಟು, ಜರ್ಮನಿಯ ಮಾನ್‌ಹೈಮಿನಲ್ಲಿಯೂ ಶಾಖೆಯನ್ನು ತೆರೆಯಿತು. ಪರವಾನಗಿಯೊಡನೆ ಬಂದ ನಕಾಶೆಗಳನ್ನು ಬಾಡೆನ್ನಿನವರು ಇದ್ದಂತೆಯೇ ನಕಲು ಮಾಡುತ್ತ ಕುಳಿತುಕೊಳ್ಳಲಿಲ್ಲ. ಟರ್ಬೈನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರವಾದುದರಿಂದ ಅದಕ್ಕೆ ಜೋಡಿಸುವ ವಿದ್ಯುಜ್ಜನಕವೂ ಅದೇ ವೇಗದಲ್ಲಿ ತಿರುಗಬೇಕು. ಆಗಿನ ವಿದ್ಯುಜ್ಜನಕಗಳಲ್ಲಿ ಹೊರಕ್ಕೆ ಚಾಚಿಕೊಂಡಿದ್ದ ಕಾಂತಧ್ರುವಗಳಾದರೋ ಆ ವೇಗದ ಕೇಂದ್ರಾಪಗಾಮಿ ಬಲಕ್ಕೆ ಕಿತ್ತುಹೋಗುವ ಅಪಾಯವಿದ್ದಿತು. ಬ್ರೌನನು ಚಾಚುಗಳನ್ನೆಲ್ಲ ತೊಡೆದುಹಾಕಿ, ಅಖಂಡವಾದ ಉಕ್ಕಿನ ಕಂಬದಲ್ಲಿಯೇ ಉದ್ದುದ್ದನೆಯ ತೋಡುಗಳನ್ನು ಕೊರೆದು, ಸುರುಳಿಯ ತಂತಿಗಳನ್ನು ಅವುಗಳೊಳಗೆ ಹುದುಗಿಸಿ ಬೆಣೆ ಹೊಡೆದು ಭದ್ರಪಡಿಸುವ ಉಪಾಯವನ್ನು ಕಂಡುಹಿಡಿದನು. ಇಂದಿಗೂ ಉಷ್ಣವಿದ್ಯುತ್ ಸ್ಥಾವರಗಳ ಬೃಹತ್ ವಿದ್ಯುಜ್ಜನಕಗಳೆಲ್ಲ ಈ ಮಾದರಿಯವೇ ಆಗಿವೆ.

ಹಬೆಯ ಟರ್ಬೈನಿನಲ್ಲಿ ನೈಪುಣ್ಯ ಸಿದ್ಧಿಸಿದ ಬಳಿಕ ಯಂತ್ರಶಿಲ್ಪಿಗಳ ಮನಸ್ಸು ಅದಕ್ಕಿಂತ ಸರಳವಾದ ಒಂದು ಕಲ್ಪನೆಯತ್ತ ಹರಿಯುವುದು ಅನಿವಾರ್ಯವಾಗಿದ್ದಿತು. ಕುಲುಮೆ, ಬಾಯ್ಲರು, ನೀರು ಇವುಗಳ ಗೊಡವೆಯೇ ಇಲ್ಲದೆ, ಅಡಕಗೊಳಿಸಿದ ಗಾಳಿಯಲ್ಲಿ ಎಣ್ಣೆಯನ್ನು ಉರಿಸಿ ಆ ಬಿಸಿ ಅನಿಲವನ್ನೇ ನೇರವಾಗಿ ಅಲಗುಗಳ ಮೇಲೆ ಹರಿಸಬಾರದೇಕೆ? ಇದೇ ಅನಿಲ ಟರ್ಬೈನು. ಕಲ್ಪನೆ ಎಷ್ಟು ಸರಳವೋ ಅದರ ಲೆಕ್ಕಾಚಾರ ಅಷ್ಟು ನಿಷ್ಠುರ. ಗಾಳಿಯನ್ನು ಅಡಕಗೊಳಿಸುವ ಸಂಪೀಡಕವನ್ನು ತಿರುಗಿಸಬೇಕಾದುದೂ ಅದೇ ಟರ್ಬೈನಾದುದರಿಂದ, ಬೆಳೆದ ನಾಲ್ಕು ಖಂಡುಗದಲ್ಲಿ ಮೂರನ್ನು ಗೇಣಿಯಾಗಿ ಅಳೆದುಕೊಟ್ಟು ಒಂದನ್ನು ಮನೆಗೆ ತರುವ ಒಕ್ಕಲಿನವನ ಸ್ಥಿತಿ ಅದರದು. ಸಂಪೀಡಕದ ದಕ್ಷತೆ ಸ್ವಲ್ಪ ಕುಗ್ಗಿತೆಂದರೆ ಗೇಣಿ ಏರುತ್ತದೆ; ಇನ್ನೂ ಕುಗ್ಗಿತೆಂದರೆ ಮನೆಗೆ ಉಳಿಯುವುದು ಶೂನ್ಯ.

ಈ ಸತ್ಯ ಮೊದಲಿಗೆ ಅನುಭವಕ್ಕೆ ಬಂದುದು ಪ್ಯಾರಿಸ್ಸಿನಲ್ಲಿ. ಅಲ್ಲಿ ಅರ್ಮಾಂಗೋ ಮತ್ತು ಲೆಮಾಲ್ ಎಂಬಿಬ್ಬರು ನಡೆಸುತ್ತಿದ್ದ ಅನಿಲ ಟರ್ಬೈನಿನ ಪ್ರಯೋಗಕ್ಕಾಗಿ, ಫ್ರೆಂಚ್ ಪಂಡಿತ ಓಗ್ಯುಸ್ತ್ ರಾಟೋ ರೂಪಿಸಿದ, 25 ಚಕ್ರಗಳ ಕೇಂದ್ರಾಪಗಾಮಿ ಸಂಪೀಡಕವನ್ನು ಬ್ರೌನ್ ಬೊವೆರಿಯವರು 1906ರಲ್ಲಿ ನಿರ್ಮಿಸಿಕೊಟ್ಟರು. ಯಂತ್ರವೇನೋ ತನ್ನ ಬಲದಿಂದಲೇ ತಿರುಗಿತು. ಆದರೆ ಉರಿಸಿದ ಇಂಧನದ ಶಾಖದಲ್ಲಿ ಉಪಯುಕ್ತ ಕೆಲಸವಾಗಿ ಪರಿಣಮಿಸಿದುದು ನೂರಕ್ಕೆ ಮೂರರಷ್ಟು ಮಾತ್ರ. ಟರ್ಬೈನಿನ ಪ್ರಯೋಗ ಅಲ್ಲಿಗೇ ನಿಂತಿತು. ಸಂಪೀಡಕವನ್ನಾದರೋ ಬಾಡೆನ್ನಿನವರು ಕೈಬಿಡಲಿಲ್ಲ. ಗಣಿಗಳಿಗೆ, ಉಕ್ಕಿನ ಊದುಕುಲುಮೆಗಳಿಗೆ, ರಾಸಾಯನಿಕ ಕಾರ್ಖಾನೆಗಳಿಗೆ ಒತ್ತಿದ ಗಾಳಿ ಹೇರಳವಾಗಿ ಬೇಕಾಗಿದ್ದ ಕಾಲವದು. ಹೀಗೆ ಒಂದು ವಿಫಲ ಪ್ರಯತ್ನದ ಅಂಗವಾಗಿ ಬಂದ ಯಂತ್ರವು ಕಂಪೆನಿಗೆ ಸ್ಥಿರವಾದ ಆದಾಯದ ಮೂಲವಾಯಿತು.

ಕೇಂದ್ರಾಪಗಾಮಿ ಸಂಪೀಡಕದಲ್ಲಿ ಗಾಳಿಯು ಚಕ್ರದ ನಡುವಿನಿಂದ ಅಂಚಿಗೆ ಎಸೆಯಲ್ಪಟ್ಟು, ಮತ್ತೆ ನಡುವಿಗೆ ತಿರುಗಿ ಬಂದು, ಮುಂದಿನ ಚಕ್ರವನ್ನು ಹೊಗಬೇಕು. ಈ ಸುತ್ತುಬಳಸಿನಲ್ಲಿ ಶಕ್ತಿ ನಷ್ಟವಾಗುತ್ತದೆ. ಟರ್ಬೈನಿನಲ್ಲಿರುವಂತೆ ದಂಡದ ಉದ್ದಕ್ಕೂ ನೇರವಾಗಿ ಹರಿಯುವ ಅಕ್ಷೀಯ ಸಂಪೀಡಕವಾದರೆ ನಷ್ಟ ಕಡಿಮೆಯಾಗಬೇಕು. ಪಾರ್ಸನ್ಸನು ಅಂತಹ ಯಂತ್ರಗಳನ್ನು ಮಾಡಿ ಮಾರಿಯೂ ಇದ್ದನು. ಆದರೆ ಅವುಗಳ ದಕ್ಷತೆ ತೃಪ್ತಿಕರವಾಗಲಿಲ್ಲವೆಂದು ಕೆಲವು ವರ್ಷಗಳಲ್ಲಿಯೇ ಅವನು ಆ ದಾರಿಯನ್ನು ಬಿಟ್ಟನು. ಕಾರಣವು ಅಲಗಿನ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ತೆಳುವಾದ ಪದರದಲ್ಲಿದೆ. ಟರ್ಬೈನಿನಲ್ಲಿ ಅನಿಲವು ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡಕ್ಕೆ ವೇಗವನ್ನು ಗಳಿಸುತ್ತ ಸಾಗುವುದರಿಂದ, ಘರ್ಷಣೆಯಿಂದ ಮಂದವಾದ ಆ ಪದರವೂ ಪ್ರವಾಹದೊಡನೆ ಮುಂದಕ್ಕೆ ಒಯ್ಯಲ್ಪಡುತ್ತದೆ. ಅಲಗಿನ ಆಕಾರದಲ್ಲಿ ಸಣ್ಣಪುಟ್ಟ ದೋಷಗಳಿದ್ದರೂ ಯಂತ್ರ ನಡೆಯುತ್ತದೆ. ಸಂಪೀಡಕದಲ್ಲಿ ಅದೇ ಗಾಳಿ ವೇಗವನ್ನು ಕಳೆದುಕೊಳ್ಳುತ್ತ, ಏರುತ್ತಿರುವ ಒತ್ತಡಕ್ಕೆ ಇದಿರಾಗಿ ಹೋಗಬೇಕು. ಆಕಾರ ತುಸು ತಪ್ಪಿದರೂ ಮಂದವಾದ ಪದರ ಮುಂದೆ ಸಾಗಲಾರದೆ ಅಲಗಿನಿಂದ ಬಿಟ್ಟುಕೊಂಡು ಸುಳಿಯಾಗಿ ತಿರುಗುತ್ತದೆ, ಪ್ರವಾಹವೇ ಕೆಡುತ್ತದೆ. ಟರ್ಬೈನಿನ ಅಲಗನ್ನು ಹಿಂದುಮುಂದಾಗಿಸಿದರೆ ಸಂಪೀಡಕದ ಅಲಗು ಸಿದ್ಧಿಸದು. ಅದಕ್ಕೆ ಬೇರೆಯೇ ಆದ ಒಂದು ಶಾಸ್ತ್ರ ಬೇಕು.

ಆ ಶಾಸ್ತ್ರ ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ ಸಂಸ್ಥೆಯ ಇತಿಹಾಸದಲ್ಲಿ ಒಂದು ತಲೆಮಾರು ಮುಗಿಯಿತು. ಬ್ರೌನನು 1911ರಲ್ಲಿಯೇ ಕಂಪೆನಿಯಿಂದ ನಿವೃತ್ತನಾಗಿದ್ದನು. 1924ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಸ್ಥಾಪಕರಿಬ್ಬರೂ ತೀರಿಕೊಂಡರು. ಅದೇ 1924ರಲ್ಲಿ ಬಾಡೆನ್ನಿನ ಕಾರ್ಖಾನೆಯಿಂದ ಹೊಸ ಬಗೆಯ ಚಿಕ್ಕ ಯಂತ್ರವೊಂದು ಹೊರಬಿದ್ದಿತು. ಡೀಸೆಲ್ ಎಂಜಿನಿನಿಂದ ವ್ಯರ್ಥವಾಗಿ ಹೊರಟುಹೋಗುವ ಬಿಸಿ ಹೊಗೆಯಿಂದಲೇ ಟರ್ಬೈನೊಂದನ್ನು ತಿರುಗಿಸಿ, ಅದೇ ದಂಡದ ಮೇಲಿರುವ ಸಂಪೀಡಕದಿಂದ ಎಂಜಿನಿಗೆ ಹೆಚ್ಚು ಗಾಳಿಯನ್ನು ತುಂಬಿದರೆ ಎಂಜಿನಿನ ಬಲ ವರ್ಧಿಸುವುದೆಂದು ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಷಿ 1905ರಲ್ಲಿಯೇ ಪೇಟೆಂಟು ಪಡೆದಿದ್ದನು. ಅದಕ್ಕೆ ತಕ್ಕ ಟರ್ಬೋಚಾರ್ಜರನ್ನು ಬ್ರೌನ್ ಬೊವೆರಿಯವರು ನಿರ್ಮಿಸಿ ಪರೀಕ್ಷೆಗೆ ಕಳುಹಿಸಿದ ಸ್ಥಳ, ಹಿರಿಯ ಬ್ರೌನನು ಐವತ್ತು ವರ್ಷಗಳ ಹಿಂದೆ ವಿಂಟರ್‌ಟೂರಿನಲ್ಲಿ ಸ್ಥಾಪಿಸಿದ್ದ ಕಾರ್ಖಾನೆಯೇ ಆಗಿದ್ದಿತು.

ಮುಂದಿನ ಹೆಜ್ಜೆಯೂ ಒಂದು ಸೋಲಿನ ಪರಿಶೀಲನೆಯಿಂದಲೇ ಉಂಟಾದುದು ಗಮನಾರ್ಹ. ಹಾನ್ಸ್ ಹೋಲ್ಟ್ಸ್‌ವಾರ್ತ್ ಎಂಬ ಜರ್ಮನನು ಸಂಪೀಡಕದ ಗೇಣಿಯನ್ನು ತಪ್ಪಿಸಿಕೊಳ್ಳುವ ಆಸೆಯಿಂದ, ಮುಚ್ಚಿದ ಕೋಷ್ಠದಲ್ಲಿ ಅನಿಲವನ್ನು ಸ್ಫೋಟಿಸಿ ಆ ಒತ್ತಡವನ್ನೇ ಟರ್ಬೈನಿಗೆ ಹರಿಸುವ ಯಂತ್ರವನ್ನು ಯೋಜಿಸಿದ್ದನು. ಅದನ್ನು 1909ರಿಂದ ಮಾನ್‌ಹೈಮ್ ಶಾಖೆಯಲ್ಲಿ ಕಟ್ಟಿದರು. ಫಲ ನಿರೀಕ್ಷೆಯ ಸಮೀಪಕ್ಕೂ ಬರಲಿಲ್ಲ. ಅದೇ ಮಾದರಿಯ ಯಂತ್ರವನ್ನು 1928ರ ಸುಮಾರಿನಲ್ಲಿ ಜ್ಯೂರಿಕ್ಕಿನ ಆಚಾರ್ಯ ಔರೆಲ್ ಸ್ಟೊಡೊಲ ಪರೀಕ್ಷಿಸಿದಾಗ, ಕೋಷ್ಠದ ಸುತ್ತಣ ತಂಪು ನೀರಿಗೆ ಶಾಖವು ಅಸಾಧಾರಣ ವೇಗದಿಂದ ಸೋರಿಹೋಗುತ್ತಿದ್ದುದು ಕಂಡುಬಂದಿತು. ಟರ್ಬೈನಿನ ದೃಷ್ಟಿಯಿಂದ ಇದು ದೋಷ. ಬಾಡೆನ್ನಿನ ಎಂಜಿನಿಯರುಗಳಾದರೋ ಆ ದೋಷವನ್ನೇ ಗುಣವನ್ನಾಗಿ ಎಣಿಸಿದರು: ಒತ್ತಡದಲ್ಲಿ ಉರಿದು ಅತಿವೇಗವಾಗಿ ಹರಿಯುವ ಅನಿಲ ನೀರಿಗೆ ಇಷ್ಟು ಬೇಗ ಶಾಖವನ್ನು ಕೊಡುವುದಾದರೆ, ಅದರಿಂದ ಚಿಕ್ಕದಾದರೂ ಪ್ರಬಲವಾದ ಬಾಯ್ಲರನ್ನೇ ಮಾಡಬಹುದಲ್ಲವೆ? ಹೀಗೆ 1930ರ ದಶಕದ ಆದಿಯಲ್ಲಿ ವೆಲಾಕ್ಸ್ ಎಂಬ ಬಾಯ್ಲರು ಹುಟ್ಟಿತು.

ವೆಲಾಕ್ಸಿನ ಕುಲುಮೆಗೆ ಒತ್ತಡದ ಗಾಳಿಯನ್ನೂಡುವುದಕ್ಕೆ ಸಂಪೀಡಕ ಬೇಕು. ಅದನ್ನು ತಿರುಗಿಸುವುದಕ್ಕೆ ಬಾಯ್ಲರಿನಿಂದ ಹೊರಬರುವ ಅನಿಲದ ಟರ್ಬೈನು ಇದ್ದಿತು. ಟರ್ಬೈನಿನ ಬಲ ಸಾಲದಿದ್ದರೆ ವಿದ್ಯುತ್ ಮೋಟಾರಿನ ನೆರವು ಬೇಕಾಗಿ, ಬಾಯ್ಲರಿನ ಲಾಭವೇ ಕರಗುತ್ತಿದ್ದುದರಿಂದ, ಸಂಪೀಡಕದ ದಕ್ಷತೆಯನ್ನು ಹೆಚ್ಚಿಸುವುದು ಈಗ ವ್ಯಾಪಾರದ ಅಗತ್ಯವೇ ಆಯಿತು. ವಿಮಾನದ ರೆಕ್ಕೆಗಳ ಅಧ್ಯಯನದಿಂದ ಬೆಳೆದ ವಾಯುಚಲನ ಶಾಸ್ತ್ರವನ್ನು ಕ್ಲೋಡ್ ಸೈಪೆಲ್ ಮೊದಲಾದ ಎಂಜಿನಿಯರುಗಳು ಅಲಗಿನ ವಿನ್ಯಾಸಕ್ಕೆ ಅಳವಡಿಸಿ, ಪ್ರತಿಯೊಂದು ಅಲಗನ್ನೂ ಒಂದು ಪುಟ್ಟ ರೆಕ್ಕೆಯೆಂದು ಬಗೆದು ಲೆಕ್ಕ ಹಾಕಿ, ಸಾಲಿನ ಮೇಲೆ ಸಾಲನ್ನು ಅಳೆದು ನೋಡಿ, ಅಕ್ಷೀಯ ಸಂಪೀಡಕವನ್ನು ಕೊನೆಗೂ ಸಾಧಿಸಿದರು. ಜ್ಯೂರಿಕ್ಕಿನ ತಾಂತ್ರಿಕ ವಿದ್ಯಾಪೀಠದಲ್ಲಿ ಆಚಾರ್ಯ ಯಾಕೊಬ್ ಆಕೆರೆಟ್ 1930ರ ದಶಕದ ನಡುವೆ ನಿರ್ಮಿಸಿದ, ಶಬ್ದವೇಗವನ್ನು ಮೀರಿದ ಗಾಳಿಸುರಂಗಕ್ಕೆ ಗಾಳಿಯನ್ನು ಒದಗಿಸಿದುದು ಇದೇ ಬಗೆಯ ಯಂತ್ರ. ವಿಮಾನದ ವಿದ್ಯೆಯಿಂದ ಪಡೆದುದನ್ನು ಅದು ವಿಮಾನದ ವಿದ್ಯೆಗೇ ಹಿಂತಿರುಗಿಸಿತು. ವೆಲಾಕ್ಸಿನಲ್ಲಿಯಾದರೋ ಟರ್ಬೈನಿನ ಬಲ ಸಂಪೀಡಕಕ್ಕೆ ಸಾಕಾಗಿ ಮಿಗತೊಡಗಿತು. ಬಾಯ್ಲರನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಬರಿಯ ದಹನಕೋಷ್ಠವನ್ನು ಇಟ್ಟರೆ ಉಳಿಯುವುದು ಅನಿಲ ಟರ್ಬೈನಲ್ಲದೆ ಮತ್ತೇನು?

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಮಾರ್ಕಸ್ ಹುಕ್ ಎಂಬಲ್ಲಿಯ ಸನ್ ಆಯಿಲ್ ಶುದ್ಧೀಕರಣಾಗಾರಕ್ಕಾಗಿ 1936ರಲ್ಲಿ ಕೊಟ್ಟ ಯಂತ್ರ ಈ ದಾರಿಯ ಮೊದಲ ಗೆಲುವು. ಯೂಜೀನ್ ಹೌಡ್ರಿಯ ವಿಧಾನದಿಂದ ಪೆಟ್ರೋಲನ್ನು ತೆಗೆಯುವಾಗ ವೇಗವರ್ಧಕದ ಮೇಲೆ ಕಟ್ಟಿಕೊಳ್ಳುವ ಇಂಗಾಲವನ್ನು ಒತ್ತಡದ ಗಾಳಿಯಿಂದ ಸುಟ್ಟುಹಾಕಬೇಕು. ಆ ಸುಡುವಿಕೆಯ ಬಿಸಿ ಅನಿಲದಿಂದಲೇ ನಡೆದ ಟರ್ಬೈನು, ಗಾಳಿ ಒತ್ತುವ ಸಂಪೀಡಕವನ್ನು ತಿರುಗಿಸಿಯೂ ಇನ್ನಷ್ಟು ಶಕ್ತಿಯನ್ನು ಮಿಗಿಸಿಕೊಟ್ಟಿತು. ಮೂರು ವರ್ಷಗಳ ಬಳಿಕ, ಸಾರ್ವಜನಿಕ ವಿದ್ಯುತ್ ಸರಬರಾಯಿಗಾಗಿ ನಿರ್ಮಿತವಾದ ಪ್ರಪಂಚದ ಮೊದಲ ಅನಿಲ ಟರ್ಬೈನು ಸಿದ್ಧವಾಯಿತು. ಯುದ್ಧಭೀತಿಯ ದಿನಗಳಲ್ಲಿ ತುರ್ತಿನ ಬಳಕೆಗೆಂದು ನ್ಯೂಷಾಟೆಲ್ ನಗರವು ಕೊಂಡ ಈ ಯಂತ್ರವನ್ನು 1939ರ ಜುಲೈ 7ರಂದು ಬಾಡೆನ್ನಿನಲ್ಲಿ ಪರೀಕ್ಷಿಸಿದವನು, ಎಂಬತ್ತು ವರ್ಷ ತುಂಬಿದ್ದ ಅದೇ ಸ್ಟೊಡೊಲ.

ಆ ಪರೀಕ್ಷೆಯ ಅಂಕಿಗಳಲ್ಲಿ ಈ ಅಧ್ಯಾಯದ ಸಾರವೆಲ್ಲ ಅಡಗಿದೆ. ದಹನಕೋಷ್ಠದಿಂದ ಬಂದ 550 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಅನಿಲದಿಂದ ಟರ್ಬೈನು ಪಡೆದ ಶಕ್ತಿ 15,400 ಕಿಲೋವಾಟ್. ಅದರಲ್ಲಿ ಸಂಪೀಡಕವೇ ಸೆಳೆದುಕೊಂಡುದು 11,400. ವಿದ್ಯುತ್ತಾಗಿ ಉಳಿದುದು 4,000. ಇಂಧನದ ಶಾಖದಲ್ಲಿ ನೂರಕ್ಕೆ 17.4ರಷ್ಟು ವಿದ್ಯುತ್ತಾಗಿ ಪರಿವರ್ತಿತವಾಯಿತು. ಸಂಪೀಡಕದ ದಕ್ಷತೆ ಶೇಕಡ 86.6 ಇದ್ದುದರಿಂದಲೇ ಇದು ಸಾಧ್ಯವಾದುದು. ಅದರ ಬದಲು ಶೇಕಡ 65ರ ದಕ್ಷತೆಯ ಸಂಪೀಡಕವನ್ನು ಜೋಡಿಸಿದ್ದರೆ, ಅದೇ ಗಾಳಿಯನ್ನು ಅಷ್ಟೇ ಒತ್ತುವುದಕ್ಕೆ ಸುಮಾರು 15,200 ಕಿಲೋವಾಟ್ ವ್ಯಯವಾಗಿ, ಮಿಗುತ್ತಿದ್ದುದು ಕೇವಲ 200 ಎಂಬುದನ್ನು ವಾಚಕರು ತಾವೇ ಗುಣಿಸಿ ನೋಡಬಹುದು. ಟರ್ಬೈನಿನ ಒಂದು ಅಲಗನ್ನೂ ಬದಲಾಯಿಸದೆಯೇ ಗೆಲುವು ಸೋಲಾಗುತ್ತಿದ್ದಿತು.

ಅಲ್ಲಿಂದ ಮುಂದೆ ದಾರಿ ವಿಶಾಲವಾಯಿತು. 1941ರಲ್ಲಿ ಸ್ವಿಸ್ ಸಂಯುಕ್ತ ರೈಲ್ವೆಗಾಗಿ 2,200 ಅಶ್ವಬಲದ ಅನಿಲ ಟರ್ಬೈನ್ ರೈಲ್ವೆ ಎಂಜಿನು ಹೊರಬಂದಿತು. ಬೆಟ್ಸ್‌ನೌ ಎಂಬಲ್ಲಿ 1948ರಲ್ಲಿ 13,000 ಮತ್ತು 27,000 ಕಿಲೋವಾಟುಗಳ ಎರಡು ಯಂತ್ರಗಳನ್ನು ಸ್ಥಾಪಿಸಿದರು. ಗಾಳಿಯನ್ನು ಒತ್ತುವ ನಡುವೆ ತಂಪುಗೊಳಿಸುವ ಮತ್ತು ಅನಿಲವನ್ನು ಎರಡು ಬಾರಿ ಕಾಯಿಸುವ ಉಪಾಯಗಳಿಂದ ಅಲ್ಲಿ ದಕ್ಷತೆ ಶೇಕಡ 30ರ ಮಟ್ಟವನ್ನು ಮುಟ್ಟಿತು. ಹಬೆಯ ಟರ್ಬೈನುಗಳೂ ಬೆಳೆದುವು; 1970ರ ದಶಕದ ಆರಂಭದಲ್ಲಿ ಅಮೆರಿಕದ ಟೆನೆಸಿಯ ಕಂಬರ್‌ಲೆಂಡ್ ಸ್ಥಾವರಕ್ಕೆ ಈ ಸಂಸ್ಥೆ ಒದಗಿಸಿದ ಎರಡು ಯಂತ್ರಗಳಲ್ಲಿ ಒಂದೊಂದರ ಸಾಮರ್ಥ್ಯವೂ 13 ಲಕ್ಷ ಕಿಲೋವಾಟ್. ಸ್ಥಾಪಕರಿಬ್ಬರೂ ಉದ್ಯೋಗಿಗಳಾಗಿ ದುಡಿದಿದ್ದ ಒರ್ಲಿಕಾನ್ ಯಂತ್ರಾಲಯವು 1967ರಲ್ಲಿ ಬ್ರೌನ್ ಬೊವೆರಿಯಲ್ಲಿಯೇ ವಿಲೀನವಾಯಿತು.

ಇಷ್ಟು ಹಿರಿದಾದ ಸಂಸ್ಥೆಗೂ ಕಾಲದ ಒತ್ತಡ ತಪ್ಪಲಿಲ್ಲ. 1987ರ ಆಗಸ್ಟಿನಲ್ಲಿ ಸ್ವೀಡನ್ನಿನ ಆಸಿಯ ಕಂಪೆನಿಯೊಡನೆ ಸಮಭಾಗದ ಸಂಯೋಗ ಪ್ರಕಟವಾಗಿ, ಮರುವರ್ಷ ಎಬಿಬಿ ಉದಯಿಸಿತು. ಅದು 1993ರಲ್ಲಿ ಹೊರತಂದ ಅನಿಲ ಟರ್ಬೈನುಗಳಲ್ಲಿ ಬೆಟ್ಸ್‌ನೌದ ಎರಡು ಬಾರಿ ಕಾಯಿಸುವ ತತ್ತ್ವ ಹೊಸ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತು. ವಿದ್ಯುತ್ ಯಂತ್ರಗಳ ವಿಭಾಗವು 1999ರಲ್ಲಿ ಫ್ರಾನ್ಸಿನ ಆಲ್‌ಸ್ಟೋಮ್ ಕಂಪೆನಿಯೊಡನೆ ಜಂಟಿಯಾಗಿ, 2000ದಲ್ಲಿ ಪೂರ್ತಿಯಾಗಿ ಅದರ ವಶವಾಯಿತು. ಆ ಹೊಸ ಟರ್ಬೈನುಗಳ ಕೆಲವು ಅಂಗಗಳು ನಿರೀಕ್ಷಿಸಿದಷ್ಟು ಕಾಲ ಬಾಳದೆ, ವಿಭಾಗವನ್ನು ಕೊಂಡ ಕಂಪೆನಿಗೆ ಅಪಾರ ನಷ್ಟವನ್ನು ತಂದೊಡ್ಡಿದ್ದರಿಂದ, ಫ್ರೆಂಚ್ ಸರಕಾರವೇ ಮುಂದೆ ಬಂದು ಆಲ್‌ಸ್ಟೋಮನ್ನು ಉಳಿಸಬೇಕಾಯಿತು. 2015ರಲ್ಲಿ ಆ ವಿಭಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ಕಿಗೆ ಹೋಯಿತು. ದೊಡ್ಡ ಅನಿಲ ಟರ್ಬೈನುಗಳ ತಂತ್ರಜ್ಞಾನದ ಒಂದು ಭಾಗ ಇಟಲಿಯ ಅನ್ಸಾಲ್ಡೊ ಕಂಪೆನಿಗೆ ಸಂದಿತು. 1924ರಲ್ಲಿ ಆರಂಭವಾದ ಟರ್ಬೋಚಾರ್ಜರಿನ ಕೆಲಸವೊಂದು ಮಾತ್ರ ಎಬಿಬಿಯಲ್ಲಿಯೇ ಉಳಿದು, 2022ರಲ್ಲಿ ಅಕ್ಸೆಲೆರಾನ್ ಎಂಬ ಸ್ವತಂತ್ರ ಕಂಪೆನಿಯಾಗಿ ಬಾಡೆನ್ನಿನಲ್ಲಿಯೇ ಮುಂದುವರಿದಿದೆ. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಬ್ರೌನ್ ಬೊವೆರಿ ಎಂಬ ಹೆಸರಿನಿಂದಿದ್ದ ಶಾಖೆಯನ್ನೂ ಒಳಗೊಂಡು ರೂಪುಗೊಂಡ ಎಬಿಬಿ ಇಂಡಿಯಾಕ್ಕೆ ಇಂದು ಬೆಂಗಳೂರೇ ಕೇಂದ್ರ.

ಹೆಸರು ಹೋಯಿತು, ಷೇರುಗಳು ಹಂಚಿಹೋದುವು, ಯಂತ್ರಶಾಲೆಯ ವಿಭಾಗಗಳು ನಾಲ್ಕು ದೇಶಗಳ ಪಾಲಾದುವು. ಆದರೂ ನ್ಯೂಷಾಟೆಲಿನ ಯಂತ್ರವು ಅರವತ್ತು ವರ್ಷಗಳಿಗೂ ಮೀರಿ, 2002ರ ವರೆಗೆ, ಸೇವೆಗೆ ಸಿದ್ಧವಾಗಿದ್ದಿತು. ಈ ಚರಿತ್ರೆಯಿಂದ ಕೈಗಾರಿಕೆಗೆ ಹೊಸದಾಗಿ ಕಾಲಿಡುವ ನಾಡುಗಳು ಕಲಿಯಬೇಕಾದುದು ಒಂದಿದೆ. ಬ್ರೌನ್ ಬೊವೆರಿಯವರ ಟರ್ಬೈನು ಮೊದಲು ಇಂಗ್ಲೆಂಡಿನವನ ಪರವಾನಗಿಯಿಂದ ಬಂದುದು, ಸಂಪೀಡಕ ಫ್ರಾನ್ಸಿನವನ ನಕಾಶೆಯಿಂದ ಬಂದುದು, ಟರ್ಬೋಚಾರ್ಜರು ಮತ್ತೊಬ್ಬನ ಪೇಟೆಂಟಿನಿಂದ ಬಂದುದು. ವಿದ್ಯೆಯನ್ನು ಪರರಿಂದ ಕೊಂಡುಕೊಳ್ಳುವುದು ಅಗೌರವವಲ್ಲ. ಕೊಂಡುದನ್ನು ಪರೀಕ್ಷೆಯ ಪೀಠದ ಮೇಲಿಟ್ಟು, ಅದು ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದನ್ನು ಅಳೆದು ಬರೆದಿಡುವ ತಾಳ್ಮೆಯಿಲ್ಲದಿದ್ದರೆ ಮಾತ್ರ ಅದು ಎಂದೆಂದಿಗೂ ಕೊಂಡ ವಿದ್ಯೆಯಾಗಿಯೇ ಉಳಿಯುತ್ತದೆ.